ಶಿಶುಪೋಷಣೆಯೂ ಕುಲಭೇದವೂ

ಹುಟ್ಟಿದ ಕೂಸಿನ ಬಾಯಿಗೆ ಮೊದಲು ಏನನ್ನು ಹಾಕಬೇಕೆಂಬ ಪ್ರಶ್ನೆಗೆ ನಮ್ಮ ದುರ್ಗದ ಸೀಮೆಯಲ್ಲಿ ಕೇರಿಗೊಂದು ಉತ್ತರವಿರುತ್ತದೆ. ಒಂದು ಮನೆಯಲ್ಲಿ ಸಕ್ಕರೆಯ ನೀರು, ಇನ್ನೊಂದರಲ್ಲಿ ಜೇನುತುಪ್ಪ, ಮತ್ತೊಂದರಲ್ಲಿ ಒಳಲೆಯ ತುದಿಯಿಂದ ಹರಳೆಣ್ಣೆ, ಮಗುದೊಂದರಲ್ಲಿ ತೇದ ಬಜೆ. ಭರಮಸಾಗರದ ಹೆದ್ದಾರಿಯ ಬದಿಯ ಔಷಧದಂಗಡಿಗೆ ಹತ್ತಿರವಾದ ಮನೆಗಳಲ್ಲಿ ಡಬ್ಬದ ಹಾಲಿನ ಪುಡಿ. ಹೀಗೇಕೆಂದು ಕೇಳಿದರೆ “ನಮ್ಮಲ್ಲಿ ಹಾಗೆ, ಅವರಲ್ಲಿ ಹೀಗೆ” ಎಂಬುದೇ ದೊರೆಯುವ ಸಮಾಧಾನ. ಕುಲಕ್ಕೊಂದು ದೇವರು, ಕುಲಕ್ಕೊಂದು ಬೆಡಗು ಇರುವಂತೆ ಕುಲಕ್ಕೊಂದು ಶಿಶುಪೋಷಣೆಯೂ ಉಂಟೆಂದು ಜನರು ನಂಬಿರುತ್ತಾರೆ. ಈ ನಂಬಿಕೆಯು ನಿಜವೇ, ನಿಜವಲ್ಲವಾದರೆ ಭೇದಕ್ಕೆ ಕಾರಣವೇನು, ಅದರಿಂದ ಕೂಸುಗಳಿಗೆ ಆಗುವ ಲಾಭನಷ್ಟಗಳೇನು ಎಂಬುದನ್ನು ಇಂದು ನಮ್ಮ ವಾಚಕ ಮಹಾಶಯರೊಡನೆ ವಿಚಾರಿಸಬೇಕೆಂದಿದ್ದೇವೆ. ಇದು ಹೆಂಗಸರ ವಿಷಯವೆಂದು ಗಂಡಸರು ಪತ್ರಿಕೆಯ ಪುಟವನ್ನು ಮಗುಚಿಹಾಕಬಾರದು. ಕೂಸು ಬದುಕುವುದೋ ಇಲ್ಲವೋ ಎಂಬ ಪ್ರಶ್ನೆಯು ಮನೆಯ ಒಳಕೋಣೆಗೆ ಮಾತ್ರ ಸೇರಿದುದಲ್ಲ.

ಮೊದಲು ಒಂದು ವಿಚಿತ್ರವನ್ನು ಗಮನಿಸೋಣ. ಮನೆಯ ಹಸು ಕರು ಹಾಕಿದರೆ ಮೊದಲ ಮೂರು ದಿನದ ಗಟ್ಟಿಹಾಲನ್ನು ನಾವು ಗಿಣ್ಣವೆಂದು ಕರೆದು, ಬೆಲ್ಲ ಏಲಕ್ಕಿ ಬೆರೆಸಿ ಕಾಸಿ, ನೆರೆಹೊರೆಗೆ ಹಂಚಿ, ಅಕ್ಕರೆಯಿಂದ ತಿನ್ನುತ್ತೇವೆ. ಕರುವಿಗೆ ಆ ಹಾಲು ಸಿಕ್ಕದಿದ್ದರೆ ಅದು ಏಳುವುದಿಲ್ಲವೆಂದು ದನ ಸಾಕಿದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಮರಿಯು ತಾಯಿಯ ಮೊದಲ ಹಾಲನ್ನು ಕುಡಿಯುವ ತನಕ ಕುರಿಗಾಹಿಯು ಅದರ ಬಳಿಯಿಂದ ಕದಲುವುದಿಲ್ಲ. ಇಷ್ಟನ್ನು ಬಲ್ಲ ಜನರೇ ತಮ್ಮ ಮನೆಯ ಸೊಸೆಯ ಎದೆಯಲ್ಲಿ ಮೊದಲು ಇಳಿಯುವ ಹಳದಿಯ ಹಾಲನ್ನು ಕೆಟ್ಟ ಹಾಲು, ಕೀವಿನಂತಹ ಹಾಲು, ಜೀರ್ಣವಾಗದ ಹಾಲು ಎಂದು ಹಿಂಡಿ ಚೆಲ್ಲಿಸುತ್ತ ಬಂದಿರುವರು. ಕರುವಿಗೆ ಅಮೃತವಾದುದು ಕೂಸಿಗೆ ವಿಷವಾಗುವುದೆಂತು? ಈ ಪ್ರಶ್ನೆಯನ್ನು ನಮ್ಮ ಹಟ್ಟಿ ಹಳ್ಳಿಗಳ ಹಿರಿಯರು ತಮ್ಮನ್ನು ತಾವೇ ಕೇಳಿಕೊಂಡರೆ ಅರ್ಧ ಕೆಲಸವು ಆದಂತೆಯೇ ಸರಿ.

ಆ ಮೊದಲ ಹಾಲು ಪ್ರಮಾಣದಲ್ಲಿ ಕೆಲವೇ ಚಮಚೆಯಷ್ಟಿರುತ್ತದೆ. ಎಳೆಗೂಸಿನ ಹೊಟ್ಟೆಗೆ ಬೇಕಾದುದೂ ಅಷ್ಟೇ. ಅದರಲ್ಲಿ ರೋಗನಿರೋಧಕ ದ್ರವ್ಯಗಳು ತುಂಬಿರುತ್ತವೆ. ಕೂಸಿನ ಕರುಳಿನ ಒಳಗೋಡೆಗೆ ಅವು ಲೇಪನದಂತೆ ಅಂಟಿಕೊಂಡು ಕ್ರಿಮಿಗಳನ್ನು ತಡೆಯುತ್ತವೆ. ಆ ಹೊತ್ತಿಗೆ ಸಕ್ಕರೆಯ ನೀರನ್ನೋ ಎಣ್ಣೆಯನ್ನೋ ಹುಯ್ದರೆ ಎರಡು ಕೇಡುಗಳಾಗುತ್ತವೆ. ಹೊರಗಿನ ಕೊಳೆಯು ಒಳಗೆ ಸೇರುವುದು ಒಂದು. ಹಸಿವು ಇಂಗಿದ ಕೂಸು ಮೊಲೆಯನ್ನು ಚೀಪದೆ, ಚೀಪದ ಮೊಲೆಯಲ್ಲಿ ಹಾಲು ಇಳಿಯದೆ ಹೋಗುವುದು ಇನ್ನೊಂದು. ಹಾಲಿಲ್ಲವೆಂದು ಕೊರಗುವ ಎಷ್ಟೋ ಬಾಣಂತಿಯರ ಕಷ್ಟಕ್ಕೆ ಮೂಲವು ಈ ಮೊದಲ ದಿನದ ಒಳಲೆಯಲ್ಲಿಯೇ ಇರುತ್ತದೆ. ಆಫ್ರಿಕದ ಘಾನಾ ದೇಶದ ಹಳ್ಳಿಗಳಲ್ಲಿ ಸುಮಾರು ೧೧,೦೦೦ ಶಿಶುಗಳ ವೃತ್ತಾಂತವನ್ನು ಪರಿಶೀಲಿಸಿ ೨೦೦೬ರಲ್ಲಿ ವೈದ್ಯರು ಪ್ರಕಟಿಸಿದ ಲೆಕ್ಕದ ಪ್ರಕಾರ, ಎಲ್ಲ ಕೂಸುಗಳಿಗೂ ಮೊದಲ ದಿನವೇ ಮೊಲೆಯೂಡಿಸಿದರೆ ನವಜಾತ ಶಿಶುಗಳ ಮರಣಗಳಲ್ಲಿ ನೂರಕ್ಕೆ ೧೬ನ್ನೂ, ಮೊದಲ ಗಂಟೆಯೊಳಗೆ ಊಡಿಸಿದರೆ ನೂರಕ್ಕೆ ೨೨ನ್ನೂ ತಪ್ಪಿಸಬಹುದು. ಬಿಡಿಕಾಸಿನ ವೆಚ್ಚವಿಲ್ಲದೆ ಇಷ್ಟು ಜೀವಗಳನ್ನು ಉಳಿಸುವ ಔಷಧವು ಬೇರೊಂದಿರುವುದೆ?

ಕಾಲಕ್ರಮದಲ್ಲಿ ನಮ್ಮ ದೇಶವು ಈ ವಿಷಯದಲ್ಲಿ ಮುಂದುವರಿದಿದೆಯೆಂಬುದು ಸಂತೋಷದ ಸಂಗತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೧೯೯೨-೯೩ರಲ್ಲಿ ಮೊದಲ ಬಾರಿಗೆ ನಡೆದಾಗ, ಹುಟ್ಟಿದ ಒಂದು ಗಂಟೆಯೊಳಗೆ ತಾಯ ಹಾಲು ಕಂಡ ಮಕ್ಕಳು ಭಾರತದಲ್ಲಿ ನೂರಕ್ಕೆ ಹತ್ತೂ ಇರಲಿಲ್ಲ. ೨೦೦೫-೦೬ರಲ್ಲಿ ಅವರು ೨೩.೪, ೨೦೧೫-೧೬ರಲ್ಲಿ ೪೧.೬. ಆಮೇಲೆ ಬಂಡಿಯು ನಿಂತುಹೋಯಿತು: ೨೦೧೯-೨೧ರ ಸಮೀಕ್ಷೆಯಲ್ಲಿ ಸಿಕ್ಕಿದುದು ೪೧.೮ ಮಾತ್ರ. ನಮ್ಮ ಕರ್ನಾಟಕದ ಸ್ಥಿತಿಯಂತೂ ಇನ್ನೂ ವಿಚಾರಾರ್ಹವಾದುದು. ಇಲ್ಲಿ ೨೦೧೫-೧೬ರಲ್ಲಿ ೫೬.೩ ಇದ್ದ ಸಂಖ್ಯೆಯು ೨೦೧೯-೨೧ರಲ್ಲಿ ೪೯.೧ಕ್ಕೆ ಇಳಿದಿದೆ. ಮೊದಲ ಆರು ತಿಂಗಳು ಬರಿಯ ತಾಯ ಹಾಲನ್ನೇ ಕುಡಿದ ಶಿಶುಗಳ ಸಂಖ್ಯೆಯು ಅದೇ ಅವಧಿಯಲ್ಲಿ ೫೪.೨ರಿಂದ ೬೧ಕ್ಕೆ ಏರಿದೆಯೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಮೊದಲ ಗಂಟೆಯಲ್ಲಿ ನಾವು ಹಿಂದೆ ಸರಿದುದೇಕೆ?

ಹೆರಿಗೆಗಳು ಮನೆಯಲ್ಲಿ ಆದುದರಿಂದಲೆ? ಇಲ್ಲ. ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳು ೨೦೦೫-೦೬ರಲ್ಲಿ ನೂರಕ್ಕೆ ೬೪.೭ ಇದ್ದುವು, ೨೦೧೫-೧೬ರಲ್ಲಿ ೯೪, ೨೦೧೯-೨೧ರಲ್ಲಿ ೯೭. ಅಂದರೆ ಸೂಲಗಿತ್ತಿಯನ್ನೂ ಅಜ್ಜಿಯನ್ನೂ ದೂಷಿಸಿ ಕೈತೊಳೆದುಕೊಳ್ಳುವ ಕಾಲವು ಮುಗಿದಿದೆ. ಹೆಚ್ಚುಕಡಮೆ ಎಲ್ಲ ಕೂಸುಗಳೂ ವಿದ್ಯಾವಂತರಾದ ವೈದ್ಯರ ಮತ್ತು ದಾದಿಯರ ಕಣ್ಣೆದುರಿಗೇ ಹುಟ್ಟುತ್ತಿರುವಾಗಲೂ ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಮೊದಲ ಗಂಟೆಯಲ್ಲಿ ತಾಯ ಮೊಲೆಯು ದೊರೆಯುತ್ತಿಲ್ಲ. ಇದೇ ಅವಧಿಯಲ್ಲಿ ಹೊಟ್ಟೆ ಕೊಯ್ದು ಮಾಡುವ ಹೆರಿಗೆಗಳು ನೂರಕ್ಕೆ ೨೩.೬ರಿಂದ ೩೧.೫ಕ್ಕೆ ಏರಿವೆ. ಶಸ್ತ್ರಚಿಕಿತ್ಸೆಯಾದ ತಾಯಿಯನ್ನು ಒಂದು ಕೋಣೆಯಲ್ಲಿಯೂ ಕೂಸನ್ನು ಇನ್ನೊಂದರಲ್ಲಿಯೂ ಇರಿಸಿ, ನಡುವೆ ಯಾರೋ ಒಂದು ಬಟ್ಟಲು ಪುಡಿಹಾಲು ಕುಡಿಸಿಬಿಡುವ ಪದ್ಧತಿಯು ಬೆಳೆದರೆ ಲೆಕ್ಕವು ಇಳಿಯದೆ ಏನಾದೀತು? ಬೆನ್ನಿಗೆ ಮದ್ದು ಚುಚ್ಚಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ತಾಯಿಗೆ ಎಚ್ಚರವಿರುತ್ತದೆ. ದಾದಿಯೊಬ್ಬಳು ಕೂಸನ್ನು ಹಿಡಿದು ನೆರವಾದರೆ ಆಕೆಯೂ ಮೊದಲ ಗಂಟೆಯಲ್ಲಿಯೇ ಹಾಲೂಡಿಸಬಲ್ಲಳೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಆ ಒಬ್ಬ ದಾದಿಯ ಕೊರತೆಗೆ ನಾವು ಕೂಸಿನಿಂದ ದಂಡವನ್ನು ವಸೂಲು ಮಾಡುತ್ತಿದ್ದೇವೆ.

ಇನ್ನು ಕುಲಭೇದದ ವಿಷಯ. ಈ ಮಾತನ್ನು ನಿರ್ಧರಿಸಲು ನಮ್ಮ ಸೀಮೆಯ ಹೊರಗೆ, ವರ್ಣಭೇದಕ್ಕೆ ಹೆಸರಾದ ದೇಶಗಳ ಕಡೆ ಒಮ್ಮೆ ನೋಡುವುದು ಒಳಿತು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ೨೦೧೫ರಲ್ಲಿ ಹುಟ್ಟಿದ ಮಕ್ಕಳಲ್ಲಿ ಒಮ್ಮೆಯಾದರೂ ತಾಯ ಹಾಲು ಕುಡಿದವರು ಬಿಳಿಯರಲ್ಲಿ ನೂರಕ್ಕೆ ೮೫.೯, ಕರಿಯರಲ್ಲಿ ೬೯.೪. ಇದನ್ನು ಓದಿದವನು ಕರಿಯ ತಾಯಂದಿರ ಸ್ವಭಾವವೇ ಹಾಗೆಂದು ತೀರ್ಮಾನಿಸಿಯಾನು. ಆದರೆ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಬಂದರೆ ಚಿತ್ರವೇ ತಲೆಕೆಳಗಾಗುತ್ತದೆ. ಅಲ್ಲಿ ೨೦೧೦ರಲ್ಲಿ ನಡೆದ ಸರಕಾರಿ ಸಮೀಕ್ಷೆಯಲ್ಲಿ ಮೊಲೆಯೂಡಿಸಲು ತೊಡಗಿದ ತಾಯಂದಿರು ಕರಿಯರಲ್ಲಿ ನೂರಕ್ಕೆ ೯೬, ನಮ್ಮವರೂ ಸೇರಿದ ಏಷ್ಯದವರಲ್ಲಿ ೯೫, ಬಿಳಿಯರಲ್ಲಿ ೭೯ ಮಾತ್ರ! ಒಂದೇ ವರ್ಣ, ಎರಡು ದೇಶ, ಎರಡು ವಿರುದ್ಧ ಫಲ. ಇಷ್ಟೇ ಅಲ್ಲ, ಅಮೆರಿಕದಲ್ಲಿಯೇ ಆಫ್ರಿಕದಿಂದ ಹೊಸದಾಗಿ ಬಂದು ನೆಲಸಿದ ಕರಿಯ ತಾಯಂದಿರು ಅಲ್ಲಿಯೇ ಹುಟ್ಟಿ ಬೆಳೆದ ಕರಿಯ ತಾಯಂದಿರಿಗಿಂತ ಹೆಚ್ಚಾಗಿ ಮೊಲೆಯೂಡಿಸುವರೆಂದು ಕಂಡುಬಂದಿದೆ. ರಕ್ತವೇ ಕಾರಣವಾಗಿದ್ದರೆ ಹೀಗಾಗುತ್ತಿತ್ತೆ?

ಕಾರಣವು ಚರಿತ್ರೆಯಲ್ಲಿದೆ. ಗುಲಾಮಗಿರಿಯ ಕಾಲದಲ್ಲಿ ಕರಿಯ ತಾಯಂದಿರನ್ನು ತಮ್ಮ ಕೂಸುಗಳ ಬಳಿಯಿಂದ ಎಳೆದು ಒಡೆಯರ ಮಕ್ಕಳಿಗೆ ಹಾಲೂಡಿಸಲು ಬಲಾತ್ಕರಿಸುತ್ತಿದ್ದರು. ಆ ಕಾಲವು ಅಳಿದ ಮೇಲೂ ಹೆತ್ತು ಕೆಲವೇ ದಿನಗಳಲ್ಲಿ ಕೂಲಿಗೆ ಮರಳಬೇಕಾದ ಬಡತನವು ಅವರನ್ನು ಬಿಡಲಿಲ್ಲ. ೧೯೭೦ರ ದಶಕದ ಆದಿಯ ಹೊತ್ತಿಗೆ ಅಮೆರಿಕದಲ್ಲಿ ಎಲ್ಲ ವರ್ಣದವರೂ ಸೀಸೆಗೆ ಒಲಿದು, ಮೊಲೆಯೂಡಿಸಲು ತೊಡಗುವವರು ನಾಲ್ವರಲ್ಲಿ ಒಬ್ಬಳಷ್ಟೇ ಉಳಿದಿದ್ದಳು. ಅಲ್ಲಿಂದ ಹಿಂದಿರುಗುವಾಗ ಬಿಡುವೂ ವಿದ್ಯೆಯೂ ಉಳ್ಳ ಬಿಳಿಯ ಹೆಂಗಸರು ಮೊದಲು ಹಿಂದಿರುಗಿದರು. ಉಳಿದವರು ಹಿಂದೆ ಬಿದ್ದರು. ಕರಿಯರು ಹೆಚ್ಚಾಗಿ ವಾಸಿಸುವ ಪ್ರದೇಶಗಳ ಹೆರಿಗೆ ಆಸ್ಪತ್ರೆಗಳಲ್ಲಿ ಮೊಲೆಯೂಡಿಸಲು ತಕ್ಕ ನೆರವು ಕಡಮೆಯೆಂದು ಅಲ್ಲಿನ ಸರಕಾರದ ರೋಗನಿಯಂತ್ರಣ ಇಲಾಖೆಯೇ ೨೦೧೪ರಲ್ಲಿ ಪ್ರಕಟಪಡಿಸಿತು. ಆದಕಾರಣ ಭೇದವು ತೊಗಲಿನದಲ್ಲ, ತಾಯಿಗೆ ದೊರೆತ ನೆರವಿನದು, ಬಿಡುವಿನದು, ಮರ್ಯಾದೆಯದು.

ಈ ದೀವಿಗೆಯನ್ನು ಹಿಡಿದು ನಮ್ಮ ಊರಿಗೆ ಹಿಂದಿರುಗೋಣ. ದುರ್ಗದ ಸೀಮೆಯಲ್ಲಿ ಜುಂಜಪ್ಪ ಎತ್ತಪ್ಪರನ್ನು ಪೂಜಿಸುವ ಕಾಡುಗೊಲ್ಲರ ಹಟ್ಟಿಗಳುಂಟು. ಸೂತಕದ ನಂಬಿಕೆಯಿಂದ ಹೆತ್ತ ತಾಯಿಯನ್ನೂ ಕೂಸನ್ನೂ ಹಟ್ಟಿಯ ಹೊರಗೆ ಗುಡಿಸಿಲಿನಲ್ಲಿ ಇರಿಸುವ ಪದ್ಧತಿಯು ಹಲವು ಹಟ್ಟಿಗಳಲ್ಲಿ ನಡೆದುಬಂದಿರುತ್ತದೆ. ೨೦೨೩ರ ಜುಲೈ ತಿಂಗಳಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿದ್ದ ಎಳೆಗೂಸು ಮಳೆಚಳಿಗೆ ಸಿಕ್ಕಿ ಮೃತವಾದುದು ನಾಡಿಗೆಲ್ಲ ತಿಳಿದ ವಾರ್ತೆ. ಹೆಂಗಸರನ್ನು ಬಲವಂತವಾಗಿ ಹೀಗೆ ಹೊರಗಿಡುವುದು ಕರ್ನಾಟಕದ ೨೦೧೭ರ ಅಮಾನವೀಯ ದುಷ್ಟಪದ್ಧತಿಗಳ ತಡೆ ಕಾನೂನಿನಂತೆ ಅಪರಾಧವೂ ಆಗಿರುತ್ತದೆ. ಆದರೆ ಹಟ್ಟಿಯವರನ್ನು ಹೀಯಾಳಿಸುವುದು ಸುಲಭ. ಕೇಡು ಎಲ್ಲಿದೆಯೆಂದು ತಿಳಿಯುವುದು ಕಷ್ಟ. ಗುಡಿಸಿಲಿನಲ್ಲಿ ತಾಯಿ ಕೂಸು ಒಂದೇ ಮಗ್ಗುಲಲ್ಲಿ ಇರುವುದು ಕೆಟ್ಟದ್ದಲ್ಲ. ಕೇಡಾದುದು ಬೆಚ್ಚಗಿನ ನೆಲೆಯಿಲ್ಲದಿರುವುದು, ಬಲ್ಲ ಹಿರಿಯಳ ಕೈ ಹತ್ತಿರವಿಲ್ಲದಿರುವುದು. ಮೈ ತಣ್ಣಗಾದ ಕೂಸಿಗೆ ಚೀಪುವ ಶಕ್ತಿಯೇ ಉಡುಗುತ್ತದೆ. ಹಟ್ಟಿಯು ತಾಯಿಮಕ್ಕಳನ್ನು ಊರಿನಿಂದ ಅಗಲಿಸುತ್ತದೆ. ಪಟ್ಟಣದ ಆಸ್ಪತ್ರೆಯು ಕೂಸನ್ನು ತಾಯಿಯಿಂದಲೇ ಅಗಲಿಸುತ್ತದೆ. ಒಂದನ್ನು ಮೂಢನಂಬಿಕೆಯೆಂದು ಕರೆದವರು ಇನ್ನೊಂದನ್ನು ನಾಗರಿಕತೆಯೆಂದು ಕರೆಯುವುದು ಯಾವ ನ್ಯಾಯ?

ಪಟ್ಟಣದ ಮೂಢನಂಬಿಕೆಯು ಡಬ್ಬದಲ್ಲಿ ಬರುತ್ತದೆ. ಗುಂಡುಗುಂಡಾದ ಬಿಳಿಯ ಮಕ್ಕಳ ಚಿತ್ರವನ್ನು ತೋರಿಸಿ ಪುಡಿಹಾಲನ್ನು ಮಾರುವ ವಿದ್ಯೆಯು ನೂರು ವರ್ಷಕ್ಕೂ ಹಳೆಯದು. ಅದು ಬಡದೇಶಗಳಲ್ಲಿ ಮಾಡಿದ ಅನಾಹುತವನ್ನು ಕಣ್ಣಾರೆ ಕಂಡ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯಳು ೧೯೩೯ರಲ್ಲಿ ಸಿಂಗಪುರದ ಸಭೆಯೊಂದರಲ್ಲಿ ಮಾತನಾಡಿ, ತನ್ನ ಭಾಷಣಕ್ಕೆ ‘ಹಾಲೂ ಕೊಲೆಯೂ’ ಎಂಬರ್ಥದ ಹೆಸರನ್ನಿಟ್ಟಳು. ೧೯೭೭ರಲ್ಲಿ ನೆಸ್ಲೆ ಕಂಪೆನಿಯ ವಸ್ತುಗಳ ಬಹಿಷ್ಕಾರವು ಅಮೆರಿಕದಲ್ಲಿಯೇ ಮೊದಲಾಯಿತು. ೧೯೮೧ರ ಮೇ ತಿಂಗಳಲ್ಲಿ ಜಗತ್ತಿನ ರಾಷ್ಟ್ರಗಳು ಜಿನೀವಾದಲ್ಲಿ ನೆರೆದು ಪುಡಿಹಾಲಿನ ಮಾರಾಟಕ್ಕೆ ಕಟ್ಟುಪಾಡನ್ನು ವಿಧಿಸಿದಾಗ ೧೧೮ ರಾಷ್ಟ್ರಗಳು ಪರವಾಗಿ ನಿಂತುವು. ವಿರೋಧವಾಗಿ ಮತ ಕೊಟ್ಟುದು ಅಮೆರಿಕವೊಂದೇ. ಬಹಿಷ್ಕಾರವೆಂಬ ಅಸ್ತ್ರವನ್ನು ನಮ್ಮವರು ಸ್ವದೇಶಿ ಚಳವಳಿಯಲ್ಲಿ ಬಳಸಿ ಬಲ್ಲರು. ಅದು ಕೂಸುಗಳ ಪ್ರಾಣರಕ್ಷಣೆಗೂ ಬಂದುದು ನಮಗೆ ಆಶ್ಚರ್ಯವಲ್ಲ.

ಆದರೆ ದೋಷವನ್ನೆಲ್ಲ ಪರದೇಶದ ಮೇಲೆ ಹೊರಿಸಿ ಸುಮ್ಮನಿರುವಂತಿಲ್ಲ. ಎಮ್ಮೆಯ ಹಾಲಿನಿಂದ ಶಿಶುಆಹಾರವನ್ನು ತಯಾರಿಸುವ ವಿಧಾನವನ್ನು ೧೯೫೦ರ ದಶಕದಲ್ಲಿ ಕಂಡುಹಿಡಿದುದು ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯವೇ. ಅದನ್ನು ಡಬ್ಬದಲ್ಲಿ ತುಂಬಿ ಮಾರಿದುದು ಗುಜರಾತಿನ ಆನಂದದ ರೈತರ ಸಹಕಾರ ಸಂಘ. ಪರದೇಶಕ್ಕೆ ಹರಿಯುತ್ತಿದ್ದ ಹಣವು ಇದರಿಂದ ಉಳಿಯಿತು. ತಾಯಿಯನ್ನು ಕಳೆದುಕೊಂಡ ಕೂಸುಗಳಿಗೆ ಆಧಾರವೂ ಆಯಿತು. ಇದನ್ನು ನಾವು ಹೆಮ್ಮೆಯಿಂದಲೇ ಸ್ಮರಿಸುತ್ತೇವೆ. ಆದರೂ ಡಬ್ಬವು ಸ್ವದೇಶಿಯಾದ ಮಾತ್ರಕ್ಕೆ ಅದು ತಾಯಿಯಾಗಲಾರದು. ಇದನ್ನು ಅರಿತೇ ನಮ್ಮ ಪಾರ್ಲಿಮೆಂಟು ೧೯೯೨ರಲ್ಲಿ ಕಾನೂನನ್ನು ಮಾಡಿ, ೨೦೦೩ರಲ್ಲಿ ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಶಿಶುಗಳ ಹಾಲಿನ ಪುಡಿಗೂ ಸೀಸೆಗೂ ಜಾಹೀರಾತು ಕೂಡದು. ಡಬ್ಬದ ಮೇಲೆ ತಾಯಿಯ ಅಥವಾ ಕೂಸಿನ ಚಿತ್ರ ಕೂಡದು. ಬಾಣಂತಿಯರಿಗೆ ಪುಕ್ಕಟೆಯಾಗಿ ಹಂಚಕೂಡದು. ವೈದ್ಯರಿಗೂ ದಾದಿಯರಿಗೂ ಕಾಣಿಕೆ ಕೊಡಕೂಡದು. ಇಂತಹ ಕಾನೂನು ಇರುವುದನ್ನೇ ನಮ್ಮ ಗ್ರಾಮಾಂತರದ ಎಷ್ಟು ಮಂದಿ ತಂದೆಯರು ಕೇಳಿಬಲ್ಲರು?

ನಮ್ಮ ಸೀಮೆಗೆ ವಿಶೇಷವಾದ ಕಾರಣವೊಂದುಂಟು, ಅದು ನೀರು. ಭರಮಣ್ಣನಾಯಕನ ಹೆಸರನ್ನು ಹೊತ್ತ ನಮ್ಮ ಕೆರೆಯು ಬತ್ತಿದ ವರ್ಷಗಳಲ್ಲಿ ಜನರು ಕೊಳವೆಬಾವಿಯನ್ನು ಆಳಕ್ಕೆ ಕೊರೆದು ಕುಡಿದರು. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮೆಂಬ ಮೇರೆಯನ್ನು ಮೀರಿರುತ್ತದೆ. ಹಲ್ಲು ಕಂದಿ ಮೂಳೆ ಬಾಗುವುದು ಅದರ ಫಲ. ಪುಡಿಹಾಲನ್ನು ಕಲಸುವುದು ಇದೇ ನೀರಿನಲ್ಲಿ. ಕಾಯಿಸಿದರೆ ಕ್ರಿಮಿಯು ಸಾಯುವುದೇ ಹೊರತು ಫ್ಲೋರೈಡು ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಪ್ರಕೃತಿಯ ದಯೆಯನ್ನು ನೋಡಿರಿ: ಅದೇ ನೀರನ್ನು ತಾಯಿಯು ಕುಡಿದರೆ ಅವಳ ಎದೆಹಾಲಿಗೆ ಇಳಿಯುವ ಫ್ಲೋರೈಡು ಅತ್ಯಲ್ಪ. ತಾಯಿಯ ಒಡಲು ತಾನು ನಂಜನ್ನುಂಡು ಕೂಸಿಗೆ ತಿಳಿಯನ್ನು ಸೋಸಿ ಕೊಡುತ್ತದೆ. ಯಾವ ಕಾರ್ಖಾನೆಯ ಶೋಧಕವು ಇದಕ್ಕೆ ಸಮನಾದೀತು?

ಹಾಗಾದರೆ ತಾಯಿಯ ಗತಿಯೇನು? ಹಾಲೂಡಿಸೆಂದು ಉಪದೇಶಿಸುವವರು ಊಡಿಸುವವಳ ಊಟವನ್ನು ಮರೆಯುತ್ತಾರೆ. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕಾಳು ಕೊಡಬಾರದು, ಬಿಳಿಯ ಅನ್ನ ಸಾರೇ ಪಥ್ಯವೆಂಬ ಕಟ್ಟಳೆಯು ಅನೇಕ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಅದರ ಫಲವನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಕಂಡಿರುತ್ತಾರೆ. ಬರಿಯ ಮೊಲೆಹಾಲಿನಲ್ಲಿ ಬೆಳೆದ ಎಳೆಯ ಕೂಸುಗಳು ಉಸಿರುಕಟ್ಟಿ, ಹೃದಯವು ಸೋತು ಬಂದಾಗ ಪರೀಕ್ಷಿಸಲಾಗಿ, ಅವರ ತಾಯಂದಿರು ಪಾಲಿಷ್ ಮಾಡಿದ ಅಕ್ಕಿಯ ಪಥ್ಯದಲ್ಲಿದ್ದು, ಥಯಾಮಿನ್ ಎಂಬ ಜೀವಸತ್ತ್ವವು ಹಾಲಿನಲ್ಲಿ ಇಲ್ಲದಾಗಿದ್ದುದು ತಿಳಿಯಿತು. ಆ ಸತ್ತ್ವವನ್ನು ಕೊಟ್ಟೊಡನೆ ಕೂಸುಗಳು ಚೇತರಿಸಿಕೊಂಡುವು; ಈ ವೃತ್ತಾಂತವು ೨೦೨೧ರಲ್ಲಿ ಪ್ರಕಟವಾಯಿತು. ಬಿಳಿಯ ಅಕ್ಕಿಗಿಂತ ಹೆಚ್ಚಾಗಿ ಈ ಸತ್ತ್ವವನ್ನು ಹೊಂದಿರುವ ರಾಗಿಯೂ ಜೋಳವೂ ನಮ್ಮ ಹೊಲದಲ್ಲಿಯೇ ಬೆಳೆಯುತ್ತವೆ. ಅವನ್ನು ಒರಟು ಕಾಳೆಂದು ಬಾಣಂತಿಯ ತಟ್ಟೆಯಿಂದ ತೆಗೆದು, ಬಿಳಿಯ ಅನ್ನವನ್ನು ಮರ್ಯಾದೆಯೆಂದು ಬಡಿಸುವುದು ವಿಪರೀತ ಬುದ್ಧಿಯಲ್ಲವೆ? ಆರು ತಿಂಗಳು ತುಂಬಿದ ಮೇಲೆ ಕೂಸಿಗೆ ನಮ್ಮ ಅಜ್ಜಿಯರು ಮಾಡುತ್ತಿದ್ದ ರಾಗಿಯ ಸರಿಯೂ ಬೇಳೆಯ ಕಟ್ಟೂ ಸಾಕು. ಎರಡು ವರ್ಷದವರೆಗೂ ಮೊಲೆಯು ಜೊತೆಗಿರಲಿ.

ಊಟದ ಹಿಂದೆಯೇ ಬರುವುದು ಬಿಡುವಿನ ಪ್ರಶ್ನೆ. ೨೦೧೭ರ ತಿದ್ದುಪಡಿಯಿಂದ ಸಂಬಳದ ಹೆಂಗಸರಿಗೆ ೨೬ ವಾರಗಳ ಹೆರಿಗೆ ರಜೆಯು ದೊರೆತಿದೆ, ಒಳ್ಳೆಯದೇ ಆಯಿತು. ಈರುಳ್ಳಿಯ ಹೊಲದಲ್ಲಿ ಕಳೆ ಕೀಳುವ, ಮೆಕ್ಕೆಜೋಳದ ತೆನೆ ಮುರಿಯುವ ಕೂಲಿಯವಳಿಗೆ ಆ ರಜೆಯನ್ನು ಕೊಡುವವರು ಯಾರು? ಕೇಂದ್ರ ಸರಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ ದೊರೆಯುವ ೫,೦೦೦ ರೂಪಾಯಿಯು ಆರು ತಿಂಗಳ ಕೂಲಿಗೆ ಸಾಟಿಯಲ್ಲ. ೨೦೧೭ರ ಅಕ್ಟೋಬರ್ ೨ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿತು. ಆದರೆ ಹಸಿಬಾಣಂತಿಯು ಕೂಸನ್ನೆತ್ತಿಕೊಂಡು ಅಲ್ಲಿಗೆ ನಡೆದು ಹೋಗುವಳೆಂದು ಎಣಿಸುವುದು ಕಚೇರಿಯಲ್ಲಿ ಕುಳಿತವರ ಲೆಕ್ಕ. ಕೂಲಿಗೆ ಹೋದ ತಾಯಿಯ ಕೂಸಿಗೆ ಅಜ್ಜಿಯು ಸೀಸೆಯ ಹಾಲು ಕೊಟ್ಟರೆ ಅದು ಆ ಕುಲದ ರೂಢಿಯೆಂದು ಬರೆದುಕೊಂಡು ಹೋಗುವ ಪಂಡಿತರು, ಅದೇ ತಾಯಿಗೆ ಮೂರು ತಿಂಗಳ ಕೂಲಿಯನ್ನು ಮನೆಯಲ್ಲಿಯೇ ಮುಟ್ಟಿಸಿ ನೋಡಲಿ. ರೂಢಿಯು ಎಷ್ಟು ಬೇಗ ಬದಲಾಗುವುದೆಂಬುದು ತಿಳಿಯುವುದು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಹೆರಿಗೆ ಮಾಡಿಸುವ ಪ್ರತಿಯೊಂದು ಆಸ್ಪತ್ರೆಯೂ, ಸರಕಾರದ್ದಾಗಲಿ ಖಾಸಗಿಯದಾಗಲಿ, ಮೊದಲ ಗಂಟೆಯಲ್ಲಿ ಎಷ್ಟು ಕೂಸುಗಳಿಗೆ ತಾಯ ಹಾಲು ದೊರೆಯಿತೆಂಬ ಲೆಕ್ಕವನ್ನು ತಿಂಗಳು ತಿಂಗಳು ಬಾಗಿಲಲ್ಲಿ ಬರೆದು ಹಾಕತಕ್ಕದ್ದು. ಕೊಯ್ದು ಹೆರಿಗೆಯಾದ ತಾಯಿಗೆ ನೆರವಾಗಲು ಒಬ್ಬ ದಾದಿಯನ್ನು ಪ್ರತ್ಯೇಕವಾಗಿ ನೇಮಿಸತಕ್ಕದ್ದು. ಬಾಣಂತಿಯ ಊಟವನ್ನು ಮೊದಲ ತಿಂಗಳುಗಳಲ್ಲಿ ಮನೆಗೇ ಕಳುಹಿಸತಕ್ಕದ್ದು. ಕೂಲಿಯ ತಾಯಿಗೆ ಹೆರಿಗೆಯ ಭತ್ಯವನ್ನು ಕೂಲಿಯ ಪ್ರಮಾಣದಲ್ಲಿಯೇ ಕೊಡತಕ್ಕದ್ದು. ಹಟ್ಟಿಯಲ್ಲಿ, ತಾಂಡಾದಲ್ಲಿ, ಕೇರಿಯಲ್ಲಿ ಮಾತು ನಡೆಯುವ ಹಿರಿಯ ಹೆಂಗಸರನ್ನು ಆಶಾ ಕಾರ್ಯಕರ್ತೆಯರ ಜೊತೆಗೆ ಸೇರಿಸಿಕೊಳ್ಳತಕ್ಕದ್ದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಕಾಸು ಮುಟ್ಟದೆ ೧೫,೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂತಹವರ ಮಾತಿಗೆ ಹಳ್ಳಿಯಲ್ಲಿರುವ ತೂಕವು ನೂರು ಭಿತ್ತಿಪತ್ರಗಳಿಗೆ ಬಾರದು. ಹಾಲು ಬಾರದ, ರೋಗದಿಂದ ಊಡಿಸಲಾಗದ ತಾಯಿಯನ್ನು ಯಾರೂ ಆಡಿಕೊಳ್ಳಕೂಡದು. ಆಕೆಗೆ ವೈದ್ಯರ ಸಲಹೆಯೂ, ಬೆಂಗಳೂರಿನ ವಾಣಿವಿಲಾಸದಲ್ಲಿ ೨೦೨೨ರಲ್ಲಿ ತೆರೆದಂತಹ ಎದೆಹಾಲಿನ ಭಂಡಾರವೂ ನಮ್ಮ ಜಿಲ್ಲೆಗಳಲ್ಲಿಯೂ ದೊರೆಯುವಂತಾಗಬೇಕು.

ಕೂಸಿಗೆ ಹುಟ್ಟುವಾಗ ಕುಲವು ತಿಳಿಯದು, ಹಸಿವೊಂದೇ ತಿಳಿಯುವುದು. ಆ ಹಸಿವಿಗೆ ತಕ್ಕುದು ಎಲ್ಲ ಕುಲದ ತಾಯಂದಿರ ಎದೆಯಲ್ಲಿಯೂ ಒಂದೇ ಬಣ್ಣದಲ್ಲಿ, ಒಂದೇ ರುಚಿಯಲ್ಲಿ ಸಿದ್ಧವಾಗಿ ಬಂದಿರುತ್ತದೆ. ಸಮಾನತೆಯನ್ನು ನಾವು ಸಂವಿಧಾನದಲ್ಲಿ ಬರೆದುದು ೧೯೪೯ರಲ್ಲಿ. ಪ್ರಕೃತಿಯು ಅದನ್ನು ಅನಾದಿಯಲ್ಲಿಯೇ ಬರೆದಿಟ್ಟಿತ್ತು. ಅದಕ್ಕೂ ಕೂಸಿನ ಬಾಯಿಗೂ ನಡುವೆ ಒಳಲೆಯನ್ನೋ ಡಬ್ಬವನ್ನೋ ಗೋಡೆಯನ್ನೋ ತಂದು ನಿಲ್ಲಿಸಿದವರು ನಾವು, ತೆಗೆಯಬೇಕಾದವರೂ ನಾವೇ.